ಲಾಟ್ ಫೋಟೋಗಳು ಸಾವಿರಾರು, ಸರ್ವರ್ ಒಂದೇ: ಯಾವ ಕ್ಯಾಶ್ ಹಾಕಬೇಕು?

ಡಬ್ಬಿಕಾಯಿ, ಬ್ಯಾಡಗಿ (ಸೋಮವಾರ ರಾತ್ರಿ 10:12)

ಎಲ್ಲರಿಗೂ ನಮಸ್ಕಾರ. ನಮ್ಮದು ದಲಾಲಿ ಅಂಗಡಿ. ಅಂಗಡಿ ಕಾಕಾ ನೋಡಿಕೊಳ್ಳುತ್ತಾರೆ, ನಾನು ಹುಬ್ಬಳ್ಳಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಸೋಮವಾರ, ಗುರುವಾರ ಟೆಂಡರ್ ದಿನ ನಮ್ಮದೂ ಸೇರಿ ಐದು ಅಂಗಡಿಗಳ ಮೆಣಸಿನಕಾಯಿ ಲಾಟ್‌ಗಳ ಫೋಟೋ ಒಂದು ಸೈಟಿನಲ್ಲಿ ಹಾಕುತ್ತೇವೆ. ಹೊರಗಿನ ಖರೀದಿದಾರರು ಮಾರ್ಕೆಟ್‌ಗೆ ಬರುವ ಮೊದಲೇ ಕಾಯಿ ನೋಡಿಕೊಳ್ಳುತ್ತಾರೆ.

ಲೆಕ್ಕ ಹೀಗಿದೆ. ಒಂದು ಟೆಂಡರ್‌ಗೆ ಸುಮಾರು 2,000 ಲಾಟ್. ಲಾಟಿಗೆ 4 ಫೋಟೋ. ಪ್ರತಿ ಫೋಟೋ ಮೂರು ಅಳತೆಯಲ್ಲಿ: 2 ಕೆಬಿ, 6 ಕೆಬಿ, 15 ಕೆಬಿ. ಅಂದರೆ ದಿನಕ್ಕೆ 24,000 ಫೈಲು. ಎರಡು ಸೀಸನ್ ಮುಗಿದಿವೆ, ಮೂರನೆಯದು ಈಗ ಶುರುವಾಗಿದೆ. ಸರ್ವರ್ 4 ಜಿಬಿ ರ್‍ಯಾಮ್, 40 ಜಿಬಿ ಡಿಸ್ಕ್.

ಟೆಂಡರ್ ದಿನ ಬೆಳಿಗ್ಗೆ ಸೈಟ್ ತೆರೆಯುವುದೇ ಇಲ್ಲ. ಚಿತ್ರಗಳು ಒಂದೊಂದಾಗಿ, ಮಳೆ ಹನಿ ಬಿದ್ದ ಹಾಗೆ ಬರುತ್ತವೆ. ಒಮ್ಮೆ ಕೊಟ್ಟದ್ದನ್ನು ಮತ್ತೆ ಬೇಗ ಕೊಡಲು ಹತ್ತಿರ ಇಟ್ಟುಕೊಳ್ಳುವುದೇ ಕ್ಯಾಶ್ ಅಲ್ವಾ, ಅದಕ್ಕೆ ರ್‍ಯಾಮ್‌ನಲ್ಲಿ ಡೇಟಾ ಇಡುವ ರೆಡಿಸ್ ಹಾಕಲೋ, ಸರ್ವರ್ ಮುಂದೆ ಕೂತು ಪ್ರತಿ ಇಟ್ಟುಕೊಳ್ಳುವ ವಾರ್ನಿಷ್ ಹಾಕಲೋ, ಊರೂರಿನ ಸರ್ವರ್‌ಗಳಲ್ಲಿ ಪ್ರತಿ ಇಡುವ ಸಿಡಿಎನ್ ತಗೊಳ್ಳಲೋ? ಕಾಕಾ ದಿನಾ ಕೇಳುತ್ತಿದ್ದಾರೆ.

ಗಿರ್ಮಿಟ್ ಪ್ಲೇಟು, ಹುಬ್ಬಳ್ಳಿ (ಸೋಮವಾರ ರಾತ್ರಿ 10:31)

ಸಿಡಿಎನ್ ಹಾಕಿ ಮಲಗಿಬಿಡಿ. ಚಿತ್ರ ಅಂದಮೇಲೆ ಬೇರೆ ಯೋಚನೆ ಯಾಕೆ? ಅರ್ಧ ಗಂಟೆ ಕೆಲಸ.

ಸಾಧನಕೇರಿ ದಂಡೆ, ಧಾರವಾಡ (ಸೋಮವಾರ ರಾತ್ರಿ 11:05)

ತಮ್ಮಾ, ತಡಿ. ಔಷಧಿ ಆಮೇಲೆ, ಮೊದಲು ನಾಡಿ ನೋಡೋಣ. ಬ್ರೌಸರ್‌ನಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ಪುಟ ತೆರೆ. ಒಂದು ಸಣ್ಣ ಚಿತ್ರದ ಮೇಲೆ ಒತ್ತಿ, ಸರ್ವರ್ ಕಳಿಸಿದ ಹೆಡರ್‌ಗಳಲ್ಲಿ (ಚಿತ್ರದ ಜೊತೆ ಬ್ರೌಸರ್‌ಗೆ ಬರುವ ಸೂಚನೆಗಳು) "ಕ್ಯಾಶ್-ಕಂಟ್ರೋಲ್" ಮತ್ತು "ಎಕ್ಸ್‌ಪೈರ್ಸ್" ಮುಂದೆ ಏನಿದೆ ಅಂತ ಇಲ್ಲಿ ಹಾಕು. ಚಿತ್ರದ ವಿಳಾಸ ಹೇಗಿದೆ ಅಂತಲೂ ಹೇಳು.

ಡಬ್ಬಿಕಾಯಿ (ಸೋಮವಾರ ರಾತ್ರಿ 11:20)

ಕ್ಯಾಶ್-ಕಂಟ್ರೋಲ್: ನೋ-ಸ್ಟೋರ್, ನೋ-ಕ್ಯಾಶ್, ಮಸ್ಟ್-ರೀವ್ಯಾಲಿಡೇಟ್.
ಎಕ್ಸ್‌ಪೈರ್ಸ್: 19 ನವೆಂಬರ್ 1981, ಗುರುವಾರ, 08:52.

ನಾನು ಇದನ್ನು ಎಲ್ಲೂ ಬರೆದಿಲ್ಲ ಅಣ್ಣಾರೇ. 1981 ಎಲ್ಲಿಂದ ಬಂತು? ಆಗ ನಾನು ಹುಟ್ಟಿರಲೇ ಇಲ್ಲ.

ವಿಳಾಸ "ಫೋಟೋ.ಪಿಎಚ್‌ಪಿ?ಅಂಗಡಿ=3&ಲಾಟ್=12&ಅಳತೆ=ಸಣ್ಣ" ಅನ್ನುವ ರೀತಿ ಇದೆ. ಲಾಗಿನ್ ಆದವರಿಗೆ ಮಾತ್ರ ದೊಡ್ಡ ಫೋಟೋ ತೋರಿಸಬೇಕು ಅಂತ ಎಲ್ಲವನ್ನೂ ಸರ್ವರ್‌ನಲ್ಲಿ ಓಡುವ ಪಿಎಚ್‌ಪಿ ಸ್ಕ್ರಿಪ್ಟ್ ಮೂಲಕ ಕಳಿಸುತ್ತಿದ್ದೇನೆ.

ಸಾಧನಕೇರಿ ದಂಡೆ (ಸೋಮವಾರ ರಾತ್ರಿ 11:48)

ಸಿಕ್ಕಿತು. ಆ 1981 ಪಿಎಚ್‌ಪಿಯ ಸಹಿ. ಸ್ಕ್ರಿಪ್ಟಿನಲ್ಲಿ ಸೆಷನ್ (ಯಾರು ಲಾಗಿನ್ ಆಗಿದ್ದಾರೆ ಅನ್ನುವ ನೆನಪು) ಶುರು ಮಾಡಿದರೆ ಸಾಕು, ಪಿಎಚ್‌ಪಿ ತಾನಾಗಿಯೇ ಆ ಹಳೇ ತಾರೀಖು ಹಾಕಿ "ಇದನ್ನು ಇಟ್ಟುಕೊಳ್ಳಬೇಡಿ" ಅಂತ ಬ್ರೌಸರ್‌ಗೆ ಹೇಳುತ್ತದೆ. ಲಾಗಿನ್ ಆದವರ ಪುಟಕ್ಕೆ ಅದು ಸರಿ. ಚಿತ್ರಕ್ಕೆ ಹಾಕಿದರೆ, ನಿನ್ನ ಖರೀದಿದಾರ ಹಿಂದಿನ ಪುಟಕ್ಕೆ ಹೋಗಿ ಬಂದಾಗಲೆಲ್ಲ 200 ಚಿತ್ರ ಮತ್ತೆ ಇಳಿಸಿಕೊಳ್ಳುತ್ತಾನೆ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಪಿಎಚ್‌ಪಿ ಸೆಷನ್ ಫೈಲಿನಲ್ಲಿ ಇದ್ದರೆ ಅದಕ್ಕೆ ಬೀಗ ಬೀಳುತ್ತದೆ. ಒಬ್ಬನೇ ಮನುಷ್ಯ ಒಟ್ಟಿಗೆ 200 ಚಿತ್ರ ಕೇಳಿದರೆ ಅವೆಲ್ಲ ಒಂದೇ ಸೆಷನ್. ಮೊದಲನೆಯದು ಮುಗಿಯುವ ತನಕ ಎರಡನೆಯದು ಬಾಗಿಲಲ್ಲಿ ನಿಂತಿರುತ್ತದೆ. ನೀನು ಹೇಳಿದ ಮಳೆ ಹನಿ ಅದೇ. ಸರ್ವರ್‌ಗೆ ಶಕ್ತಿ ಇಲ್ಲ ಅಂತಲ್ಲ, ಸಾಲಿನಲ್ಲಿ ನಿಲ್ಲಿಸಿದ್ದೀಯಾ ಅಷ್ಟೇ. ಇದರ ಪಕ್ಕದಲ್ಲಿ ರೆಡಿಸ್ ತಂದು ಕೂರಿಸಿದರೆ ಆ ಸಾಲು ಹಾಗೇ ಇರುತ್ತದೆ.

ಸಣ್ಣ ಎರಡು ಅಳತೆ ಎಲ್ಲರಿಗೂ ಕಾಣುವಂಥವು ತಾನೆ? ಅವನ್ನು ಪಿಎಚ್‌ಪಿಯಿಂದ ಪೂರ್ತಿ ಹೊರಗೆ ತೆಗೆದು, ವೆಬ್ ಸರ್ವರ್ ತಂತ್ರಾಂಶ ಎಂಜಿನ್‌ಎಕ್ಸ್‌ಗೆ ನೇರ ಕೊಡು. ದೊಡ್ಡದಕ್ಕೆ ಮಾತ್ರ ಪಿಎಚ್‌ಪಿ ಪರೀಕ್ಷೆ ಮಾಡಲಿ. ಸೆಷನ್ ಓದಿದ ತಕ್ಷಣ ಮುಚ್ಚಲಿ. ಆಮೇಲೆ "ಎಕ್ಸ್-ಆ್ಯಕ್ಸೆಲ್-ರೀಡೈರೆಕ್ಟ್" ಅನ್ನುವ ಹೆಡರ್ ಬರೆದು ಫೈಲ್ ಕಳಿಸುವ ಕೆಲಸ ಎಂಜಿನ್‌ಎಕ್ಸ್‌ಗೇ ಬಿಡಲಿ.

ಗಿರ್ಮಿಟ್ ಪ್ಲೇಟು (ಮಂಗಳವಾರ ಬೆಳಿಗ್ಗೆ 8:15)

ಅಣ್ಣಾರೇ ಹೇಳಿದ್ದು ಒಪ್ಪಿದೆ. ನೋ-ಸ್ಟೋರ್ ಇದ್ದರೆ ಸಿಡಿಎನ್ ಕೂಡ ಏನೂ ಇಟ್ಟುಕೊಳ್ಳುತ್ತಿರಲಿಲ್ಲ, ನಾನು ಹೇಳಿದ ಅರ್ಧ ಗಂಟೆ ದಂಡವಾಗುತ್ತಿತ್ತು. ಆದರೂ ರ್‍ಯಾಮ್‌ನಲ್ಲಿ ಇಡಲು ಏನಾದರೂ ಬೇಕಲ್ವಾ? ಪ್ರತಿ ಸಲ ಡಿಸ್ಕಿಗೆ ಹೋಗುವುದು ಯಾಕೆ?

ಮಗ್ಗದ ಮಗ, ಬೆಟಗೇರಿ (ಮಂಗಳವಾರ ಬೆಳಿಗ್ಗೆ 9:02)

ಡಿಸ್ಕಿಗೆ ಹೋಗುವುದೇ ಇಲ್ಲ, ಅದೇ ಮಜಾ. ಲಿನಕ್ಸ್ ಒಮ್ಮೆ ಓದಿದ ಫೈಲನ್ನು ಖಾಲಿ ಇರುವ ರ್‍ಯಾಮ್‌ನಲ್ಲಿ ತಾನೇ ಇಟ್ಟುಕೊಂಡಿರುತ್ತದೆ. ಪೇಜ್ ಕ್ಯಾಶ್ ಅಂದರೆ ಅದೇ. "ಫ್ರೀ" ಕಮಾಂಡ್ ಕೊಟ್ಟು "ಬಫ್/ಕ್ಯಾಶ್" ಕಾಲಂ ನೋಡಿ, ಎಷ್ಟು ಹಿಡಿದಿದೆ ಅಂತ ಗೊತ್ತಾಗುತ್ತದೆ.

ಡಬ್ಬಿಕಾಯಿಯವರ ಲೆಕ್ಕವನ್ನೇ ತಗೊಳ್ಳಿ. 8,000 ಫೋಟೋ, ಮೂರೂ ಅಳತೆ ಸೇರಿ 23 ಕೆಬಿ. ಡಿಸ್ಕಿನಲ್ಲಿ 4 ಕೆಬಿ ತುಂಡುಗಳಾಗಿ ಕೂರುವುದರಿಂದ 28 ಕೆಬಿ ಅನ್ನೋಣ. ಒಂದು ಟೆಂಡರ್‌ನ ಎಲ್ಲ ಚಿತ್ರ ಸೇರಿಸಿದರೂ 224 ಎಂಬಿ. 4 ಜಿಬಿ ರ್‍ಯಾಮ್ ಇರುವವರಿಗೆ 224 ಎಂಬಿ ಇಡಲು ವಾರ್ನಿಷ್ ಯಾಕೆ ಬೇಕು? ವಾರ್ನಿಷ್ ಒಳ್ಳೆಯದೇ, ನಾನೂ ಬಳಸಿದ್ದೇನೆ. ಆದರೆ ಅದು ಪ್ರತಿ ವಸ್ತುವಿಗೂ ಸುಮಾರು 1 ಕೆಬಿ ಲೆಕ್ಕಪತ್ರ ಇಟ್ಟುಕೊಳ್ಳುತ್ತದೆ. 2 ಕೆಬಿ ಚಿತ್ರಕ್ಕೆ 1 ಕೆಬಿ ಪಟ್ಟಿ! ಪುಟ ಕಟ್ಟಲು ಡೇಟಾಬೇಸ್ ಒದ್ದಾಡುವ ಕಡೆ ಅದರ ಬೆಲೆ ಗೊತ್ತಾಗುತ್ತದೆ, ಡಿಸ್ಕಿನಲ್ಲಿ ರೆಡಿ ಇರುವ ಫೈಲಿಗೆ ಅಲ್ಲ.

ಎಂಜಿನ್‌ಎಕ್ಸ್‌ನಲ್ಲಿ "ಓಪನ್ ಫೈಲ್ ಕ್ಯಾಶ್" ಒಂದು ಹಾಕಿ. ಸಣ್ಣ ಫೈಲುಗಳಲ್ಲಿ ಓದುವುದಕ್ಕಿಂತ ಹುಡುಕಿ ತೆರೆಯುವುದೇ ದೊಡ್ಡ ಕೆಲಸ. ಅದು ತೆರೆದ ಫೈಲಿನ ಗುರುತು ನೆನಪಿಟ್ಟುಕೊಳ್ಳುತ್ತದೆ.

ಏಲಕ್ಕಿ ಹಾರ, ಹಾವೇರಿ (ಮಂಗಳವಾರ ಮಧ್ಯಾಹ್ನ 1:40)

ನನ್ನದೊಂದು ಸಣ್ಣ ಪ್ರಶ್ನೆ. ಇಟ್ಯಾಗ್ (ಫೈಲಿನ ಆವೃತ್ತಿಯ ಗುರುತು) ಇದ್ದರೆ ಬ್ರೌಸರ್ "ಬದಲಾಗಿದೆಯಾ?" ಅಂತ ಕೇಳುತ್ತದೆ, ಸರ್ವರ್ "ಇಲ್ಲ, 304" ಅನ್ನುತ್ತದೆ. ಅಷ್ಟು ಸಾಲದೇ?

ಸಾಧನಕೇರಿ ದಂಡೆ (ಮಂಗಳವಾರ ಮಧ್ಯಾಹ್ನ 2:25)

ಅಕ್ಕಾ, ದೊಡ್ಡ ಫೈಲಿಗೆ ಸಾಕು. ಸಣ್ಣ ಚಿತ್ರಕ್ಕೆ ಅದರಿಂದ ಉಳಿಯುವುದು ಏನೂ ಇಲ್ಲ. ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಬಂದು, "ಪೇಡೆ ಮೊನ್ನೆಯದೇ ಇದೆಯಾ, ಬದಲಾಗಿದೆಯಾ" ಅಂತ ಕೇಳಿ, ಬರಿಗೈಯಲ್ಲಿ ವಾಪಸ್ ಹೋದ ಹಾಗೆ. ಬಂದದ್ದು ಬಂದಿರಿ, ಒಂದು ಪೇಡೆ ತಗೊಂಡೇ ಹೋಗಬಹುದಿತ್ತು. 2 ಕೆಬಿ ಚಿತ್ರ ಎರಡು ಪ್ಯಾಕೆಟ್‌ನಲ್ಲಿ ಬಂದುಬಿಡುತ್ತದೆ. ಭಾರ ಇರುವುದು ಹೋಗಿ ಬರುವುದರಲ್ಲಿ. 200 ಚಿತ್ರಕ್ಕೆ 200 ಸಲ 304 ಅಂದರೆ ಮೊಬೈಲ್ ನೆಟ್‌ವರ್ಕ್‌ನಲ್ಲಿ ಪುಟ ತೆವಳುವುದೇ.

ಅದಕ್ಕೇ ಸಣ್ಣ ಚಿತ್ರಗಳ ವಿಷಯದಲ್ಲಿ ನನ್ನದು ಒಂದೇ ಹಟ: ಬ್ರೌಸರ್ ಕೇಳುವುದೇ ಬೇಡ. "ಮ್ಯಾಕ್ಸ್-ಏಜ್=31536000", ಅಂದರೆ ಒಂದು ವರ್ಷ. ಜೊತೆಗೆ "ಇಮ್ಯೂಟಬಲ್". ಆ ಪದ 2017ರಲ್ಲಿ ಇಂಟರ್ನೆಟ್ ನಿಯಮಗಳ ದಾಖಲೆ ಆರ್‌ಎಫ್‌ಸಿ 8246 ಆಗಿ ಬಂತು. ಪುಟ ರೀಲೋಡ್ ಮಾಡಿದರೂ ಮತ್ತೆ ಕೇಳಬೇಡ ಅಂತ ಅರ್ಥ. ಕ್ರೋಮ್ ಆ ಪದವನ್ನು ಗಣನೆಗೆ ತಗೊಳ್ಳುವುದಿಲ್ಲ, ಫೈರ್‌ಫಾಕ್ಸ್, ಸಫಾರಿ ತಗೊಳ್ಳುತ್ತವೆ. ಇರಲಿ, ಹಾಕುವುದರಿಂದ ನಷ್ಟವಿಲ್ಲ.

ಡಬ್ಬಿಕಾಯಿ (ಬುಧವಾರ ರಾತ್ರಿ 11:55)

ಎಲ್ಲ ಹಾಕಿದೆ. ಸಣ್ಣವು ನೇರ ಎಂಜಿನ್‌ಎಕ್ಸ್‌ನಿಂದ, ಒಂದು ವರ್ಷದ ಮ್ಯಾಕ್ಸ್-ಏಜ್, ಇಮ್ಯೂಟಬಲ್. ಹಾಕಿದ ಮೇಲೆ ಸೋಮವಾರದ ಲಾಟ್‌ಗಳನ್ನೇ ತೆರೆದು ನೋಡಿದೆ. ಪುಟ ರಪ್ಪಂತ ಬರುತ್ತಿದೆ. ಕಾಕಾನೂ ಎರಡು ಮೂರು ಖರೀದಿದಾರರಿಗೆ ಫೋನ್ ಮಾಡಿ ತೋರಿಸಿದರು. ಎಲ್ಲರಿಗೂ ಭಾಳ ಥ್ಯಾಂಕ್ಸ್. ನಾಳೆ ಟೆಂಡರ್ ಇದೆ, ನೋಡೋಣ.

ಡಬ್ಬಿಕಾಯಿ (ಗುರುವಾರ ಮಧ್ಯಾಹ್ನ 3:30)

ದೊಡ್ಡ ಎಡವಟ್ಟು ಆಗಿದೆ. ದಯವಿಟ್ಟು ಯಾರಾದರೂ ನೋಡಿ.

ಲಾಟ್ ನಂಬರ್ ಪ್ರತಿ ಟೆಂಡರ್‌ಗೆ 1ರಿಂದ ಶುರುವಾಗುತ್ತದೆ. ನನ್ನ ಫೈಲುಗಳು "ಇಂದು/3/12-1" ಅನ್ನುವ ಹೆಸರಿನಲ್ಲಿ ಇರುತ್ತವೆ. ಮುಂದಿನ ಟೆಂಡರ್‌ನ ಹಿಂದಿನ ರಾತ್ರಿ ಒಂದು ಸ್ಕ್ರಿಪ್ಟ್ ಅವನ್ನು ತಾರೀಖಿನ ಫೋಲ್ಡರ್‌ಗೆ ಸಾಗಿಸಿ, ಹೊಸದಕ್ಕೆ ಜಾಗ ಮಾಡುತ್ತದೆ. ನಿನ್ನೆ ಕಾಕಾ ತೋರಿಸಿದರಲ್ಲ, ಅವರಲ್ಲಿ ಹೊರ ರಾಜ್ಯದ ಒಬ್ಬ ಖರೀದಿದಾರರೂ ಇದ್ದರು. ಸೋಮವಾರದ 12ನೇ ಲಾಟ್ ಡಬ್ಬಿ. ದಪ್ಪ ಕಾಯಿ, ಕಡು ಕೆಂಪು. ಇವತ್ತಿನ 12 ಕಡ್ಡಿ. ಉದ್ದ, ಸಪೂರ, ಮೈತುಂಬ ಸುಕ್ಕು. ಅವರ ಮೊಬೈಲ್‌ನಲ್ಲಿ ಇವತ್ತೂ ಡಬ್ಬಿಯೇ ಕಾಣುತ್ತಿದೆ! ಡಬ್ಬಿಯ ರೇಟ್ ಯೋಚಿಸಿ ಟೆಂಡರ್ ಹಾಕಿದ್ದಾರೆ. ಈಗ ಅಂಗಡಿಗೆ ಬಂದು "ತೋರಿಸಿದ ಕಾಯಿ ಒಂದು, ಚೀಲದಲ್ಲಿ ಇರುವುದು ಇನ್ನೊಂದು" ಅಂತ ಕೂತಿದ್ದಾರೆ. ಕಾಕಾ ಚಹಾ ಕುಡಿಸಿ ಸಮಾಧಾನ ಮಾಡುತ್ತಿದ್ದಾರೆ. ಸರ್ವರ್‌ನಲ್ಲಿ ಹೆಡರ್ ಬದಲಾಯಿಸಿದೆ. ಅವರ ಫೋನಿನಲ್ಲಿ ಏನೂ ಆಗುತ್ತಿಲ್ಲ.

ಸಾಧನಕೇರಿ ದಂಡೆ (ಗುರುವಾರ ಮಧ್ಯಾಹ್ನ 3:52)

ತಪ್ಪು ನನ್ನದು ತಮ್ಮಾ. ಹೆಸರು ಹೇಗಿಟ್ಟಿದ್ದೀಯಾ ಅಂತ ಕೇಳದೆ ವರ್ಷದ ವಾಯಿದೆ ಹೇಳಿಬಿಟ್ಟೆ. ಇಷ್ಟು ದಿನ ಏನನ್ನೂ ಇಟ್ಟುಕೊಳ್ಳುತ್ತಿರಲಿಲ್ಲ, ಹಾಗಾಗಿ ಈ ರೋಗ ಮುಚ್ಚಿಹೋಗಿತ್ತು.

ಈಗ ಮಾಡಬೇಕಾದ್ದು: ಫೋಲ್ಡರ್ ಹೆಸರು ಬದಲಾಯಿಸು. "ಇಂದು" ಹೋಗಿ "ಇಂದು2" ಆಗಲಿ, ಪುಟದಲ್ಲೂ ಅದೇ ಬರಲಿ. ಹೊಸ ವಿಳಾಸ ಕಂಡರೆ ಬ್ರೌಸರ್ ಹೊಸದಾಗಿ ಕೇಳುತ್ತದೆ. ಸಿಡಿಎನ್‌ನಲ್ಲಿ ಇದ್ದದ್ದನ್ನು ನಾವೇ ಅಳಿಸಬಹುದು. ಖರೀದಿದಾರನ ಜೇಬಿನ ಫೋನಿನಲ್ಲಿ ಕೂತದ್ದನ್ನು ಹೆಡರ್ ಬದಲಾಯಿಸಿ ವಾಪಸ್ ತರಿಸಲು ಆಗುವುದಿಲ್ಲ, ಯಾಕೆಂದರೆ ಆ ಫೋನು ವರ್ಷದ ತನಕ ನಿನ್ನನ್ನು ಕೇಳುವುದೇ ಇಲ್ಲ.

ಡಬ್ಬಿಕಾಯಿ (ಗುರುವಾರ ಸಂಜೆ 4:20)

ಆಯಿತು. ಈಗ ಕಡ್ಡಿ ಕಡ್ಡಿಯಾಗಿಯೇ ಕಾಣುತ್ತಿದೆ. ಅವರ ಟೆಂಡರ್ ರೇಟ್ ವಿಷಯ ಕಾಕಾ ನೋಡಿಕೊಳ್ಳುತ್ತಾರಂತೆ. ನನಗೆ ಮಾತ್ರ ಇವತ್ತು ಮನೆಗೆ ಹೋಗಲು ಧೈರ್ಯ ಇಲ್ಲ.

ಮಗ್ಗದ ಮಗ (ಗುರುವಾರ ರಾತ್ರಿ 9:10)

ಗಾಯ ಆರಲಿ. ಈಗ ಗಟ್ಟಿ ಪರಿಹಾರ. ಫೈಲಿನ ಹೆಸರಿನಲ್ಲೇ ಅದರ ಹ್ಯಾಶ್ ಸೇರಿಸಿ. ಹ್ಯಾಶ್ ಅಂದರೆ ಫೈಲಿನ ಹೆಬ್ಬೆಟ್ಟಿನ ಗುರುತು ಅಂದುಕೊಳ್ಳಿ. ಫೋಟೋ ಅಪ್‌ಲೋಡ್ ಆದಾಗ ಎಸ್‌ಎಚ್‌ಎ-256 ತೆಗೆದು, ಮೊದಲ 12 ಅಕ್ಷರವನ್ನು ಹೆಸರಾಗಿ ಇಡಿ. ಯಾವ ಲಾಟಿಗೆ ಯಾವ ಗುರುತು ಅನ್ನುವುದು ಡೇಟಾಬೇಸ್‌ನಲ್ಲಿ ಇರಲಿ. ಚಿತ್ರ ಬೇರೆಯಾದರೆ ಹೆಸರೂ ಬೇರೆ. 12ನೇ ಲಾಟ್‌ನ ಹುಡುಗ ತಪ್ಪು ಫೋಟೋ ಹಾಕಿ ಹತ್ತು ನಿಮಿಷ ಬಿಟ್ಟು ಸರಿ ಮಾಡಿದರೂ ಗೊಂದಲ ಇಲ್ಲ. ವರ್ಷದ ವಾಯಿದೆ ಆಗ ನಿಜವಾಗಿಯೂ ಸುರಕ್ಷಿತ.

ಒಂದು ಎಚ್ಚರಿಕೆ. ಚಿತ್ರಗಳ ಪಟ್ಟಿ ಇರುವ ಪುಟಕ್ಕೆ ಮಾತ್ರ "ನೋ-ಕ್ಯಾಶ್" ಇರಲಿ. ಅದು ಹಳೆಯದಾದರೆ ಹಳೇ ಹೆಸರನ್ನೇ ಕೇಳುತ್ತದೆ, ಮತ್ತೆ ಡಬ್ಬಿ-ಕಡ್ಡಿ ಜಗಳ. ಈ "ನೋ-ಕ್ಯಾಶ್" ಹೆಸರೇ ದಾರಿ ತಪ್ಪಿಸುತ್ತದೆ. ಇಟ್ಟುಕೊಳ್ಳಬೇಡ ಅಂತ ಅದರ ಅರ್ಥ ಅಲ್ಲ, ಕೇಳದೆ ಬಳಸಬೇಡ ಅಂತ. ಇಟ್ಟುಕೊಳ್ಳಲೇಬೇಡ ಅನ್ನುವುದು "ನೋ-ಸ್ಟೋರ್".

ದೊಡ್ಡ ಫೋಟೋಗಳಿಗೆ "ಪ್ರೈವೇಟ್" ಅಂತ ಹಾಕಿ. ಅದು ನೋಡುವವರ ಬ್ರೌಸರ್‌ನಲ್ಲಿ ಮಾತ್ರ ಇರುತ್ತದೆ. ನಾಳೆ ಸಿಡಿಎನ್ ಬಂದರೂ ಒಬ್ಬರಿಗೆ ತೋರಿಸಿದ್ದನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ.

ಗಿರ್ಮಿಟ್ ಪ್ಲೇಟು (ಗುರುವಾರ ರಾತ್ರಿ 9:45)

200 ಸಣ್ಣ ಚಿತ್ರಕ್ಕೆ 200 ಕೋರಿಕೆ ಯಾಕೆ? 50 ಲಾಟ್ ಸೇರಿಸಿ ಒಂದೇ ಹಾಳೆ ಮಾಡಿ, ಸಿಎಸ್‌ಎಸ್‌ನಲ್ಲಿ ಕತ್ತರಿಸಿ ತೋರಿಸಿದರೆ? ಹಿಂದೆ ಎಲ್ಲರೂ ಸ್ಪ್ರೈಟ್ ಮಾಡುತ್ತಿದ್ದರಲ್ವಾ.

ಮಗ್ಗದ ಮಗ (ಗುರುವಾರ ರಾತ್ರಿ 10:20)

ಮಾಡುತ್ತಿದ್ದರು, ಯಾಕೆಂದರೆ ಬ್ರೌಸರ್, ಸರ್ವರ್ ಮಾತಾಡುವ ಹಳೇ ಪದ್ಧತಿ ಎಚ್‌ಟಿಟಿಪಿ/1.1 ಕಾಲದಲ್ಲಿ ಬ್ರೌಸರ್ ಒಂದು ಸರ್ವರ್‌ಗೆ ಆರೇ ಸಂಪರ್ಕ ತೆರೆಯುತ್ತಿತ್ತು. ಏಳನೆಯ ಚಿತ್ರ ಕಾಯಬೇಕಿತ್ತು. 2015ರಲ್ಲಿ ಎಚ್‌ಟಿಟಿಪಿ/2 ಬಂದ ಮೇಲೆ ಒಂದೇ ಸಂಪರ್ಕದಲ್ಲಿ ನೂರು ಚಿತ್ರ ಒಟ್ಟಿಗೆ ಹರಿಯುತ್ತವೆ. ಬದಲಾಗದ ಐಕಾನ್‌ಗಳಿಗೆ ಹಾಳೆ ಈಗಲೂ ಪರವಾಗಿಲ್ಲ. ಲಾಟ್‌ಗೆ ಬೇಡ. ಒಂದು ಫೋಟೋ ಬದಲಾದರೆ 50 ಲಾಟ್‌ನ ಹಾಳೆ ಪೂರ್ತಿ ಮತ್ತೆ ಇಳಿಸಬೇಕು. ಪುಟದೊಳಗೇ ಬೇಸ್64 ಮಾಡಿ, ಅಂದರೆ ಚಿತ್ರವನ್ನು ಅಕ್ಷರಗಳಾಗಿ ಬರೆದು, ತುರುಕುವುದಂತೂ ಬೇಡವೇ ಬೇಡ. ಗಾತ್ರ ಮೂರನೇ ಒಂದು ಭಾಗ ಜಾಸ್ತಿಯಾಗುತ್ತದೆ, ಪುಟದ ಜೊತೆ ಪ್ರತಿ ಸಲ ಮತ್ತೆ ಬರುತ್ತದೆ.

ಡಬ್ಬಿಕಾಯಿಯವರೇ, ಎಂಜಿನ್‌ಎಕ್ಸ್‌ನಲ್ಲಿ ಎಚ್‌ಟಿಟಿಪಿ/2 ಆನ್ ಇದೆಯಾ ಒಮ್ಮೆ ನೋಡಿ. "ಲೋಡಿಂಗ್=ಲೇಜಿ" ಕೂಡ ಹಾಕಿ, ಪರದೆಗೆ ಬಾರದ ಚಿತ್ರ ಸುಮ್ನೆ ಯಾಕೆ ಇಳಿಯಬೇಕು.

ಇದೆಲ್ಲಕ್ಕಿಂತ ನನಗೆ ಹೆದರಿಕೆ ಬೇರೆ. "ಡಿಎಫ್ -ಐ" ಅಂತ ಕೊಟ್ಟು ಬಂದದ್ದನ್ನು ಇಲ್ಲಿ ಹಾಕಿ. ಜೊತೆಗಿರುವ "-ಐ" ಮರೆಯಬೇಡಿ.

ಡಬ್ಬಿಕಾಯಿ (ಶುಕ್ರವಾರ ಬೆಳಿಗ್ಗೆ 7:30)

ಎಚ್‌ಟಿಟಿಪಿ/2 ಆಫ್ ಇತ್ತು, ಈಗ ಆನ್. ಐನೋಡ್ ಒಟ್ಟು 26,21,440. ಬಳಕೆ 71%. ಡಿಸ್ಕಿನಲ್ಲಿ ಇನ್ನೂ ಭಾಳ ಜಾಗ ಇದೆ. ಇದೇನು?

ಮಗ್ಗದ ಮಗ (ಶುಕ್ರವಾರ ಬೆಳಿಗ್ಗೆ 8:40)

ಎಕ್ಸ್‌ಟಿ4 (ಲಿನಕ್ಸ್ ಫೈಲು ಇಡುವ ಪದ್ಧತಿ) ಡಿಸ್ಕನ್ನು ಫಾರ್ಮ್ಯಾಟ್ ಮಾಡುವಾಗಲೇ ಎಷ್ಟು ಫೈಲು ಇಡಬಹುದು ಅಂತ ತೀರ್ಮಾನವಾಗಿಬಿಡುತ್ತದೆ. ಐನೋಡ್ ಅಂದರೆ ಒಂದು ಫೈಲಿನ ದಾಖಲೆ, ಪ್ರತಿ ಫೈಲಿಗೂ ಒಂದು ಬೇಕು. ಸಾಮಾನ್ಯವಾಗಿ 16 ಕೆಬಿಗೆ ಒಂದು ಐನೋಡ್. 40 ಜಿಬಿಗೆ ಸರಿಯಾಗಿ ನೀವು ಹೇಳಿದ 26,21,440. ನಿಮ್ಮದು ಸೀಸನ್‌ಗೆ 34 ಟೆಂಡರ್ ಹಿಡಿದರೆ 8,16,000 ಫೈಲು. ಎರಡು ಸೀಸನ್‌ಗೆ 16 ಲಕ್ಷದ ಮೇಲೆ. ಈ ಸೀಸನ್ ಮುಗಿಯುವ ಹೊತ್ತಿಗೆ ಡಿಸ್ಕಿನಲ್ಲಿ ಜಾಗ ಇದ್ದರೂ "ಜಾಗ ಇಲ್ಲ" ಅನ್ನುತ್ತದೆ.

ನನಗೆ ಇದು ಆಗಿದೆ. ನಮ್ಮ ಸೀರೆ ಸೈಟಿನಲ್ಲಿ ಸೆರಗು, ಅಂಚು, ಒಡಲು ಅಂತ ಒಂದೊಂದು ಬಣ್ಣಕ್ಕೂ ಸಣ್ಣ ತುಣುಕು ಚಿತ್ರ. ಮೇಲೆ ಎಂಜಿನ್‌ಎಕ್ಸ್ ಪ್ರಾಕ್ಸಿ ಕ್ಯಾಶ್ ಬೇರೆ ಹಾಕಿದ್ದೆ. ಅದೂ ಪ್ರತಿ ಚಿತ್ರಕ್ಕೆ ಒಂದು ಫೈಲು ಮಾಡುತ್ತದೆ! ಒಂದೇ ಚಿತ್ರಕ್ಕೆ ಎರಡು ಐನೋಡ್. ದೀಪಾವಳಿ ಹಿಂದಿನ ದಿನ ಹೊಸ ಸೀರೆ ಅಪ್‌ಲೋಡ್ ನಿಂತುಹೋಯಿತು. ಡಿಸ್ಕ್ ಅರ್ಧ ಖಾಲಿ. ಎರಡು ತಾಸು ಏನು ಅಂತಲೇ ಗೊತ್ತಾಗಲಿಲ್ಲ. ಆ ಪ್ರಾಕ್ಸಿ ಕ್ಯಾಶ್‌ನ "ಇನ್ಯಾಕ್ಟಿವ್" ಅವಧಿ (ಯಾರೂ ಕೇಳದಿದ್ದರೆ ಅಳಿಸುವ ಗಡುವು) ತಾನಾಗಿ ಇರುವುದು 10 ನಿಮಿಷ, ಅದನ್ನೂ ನಾನು ಸುಮ್ನೆ 30 ದಿನ ಮಾಡಿಟ್ಟಿದ್ದೆ.

ಹಳೇ ಸೀಸನ್‌ಗಳನ್ನು ಎಸ್‌ಕ್ಯೂಲೈಟ್ (ಒಂದೇ ಫೈಲಿನಲ್ಲಿ ಕೂರುವ ಡೇಟಾಬೇಸ್) ಫೈಲಿಗೆ ಹಾಕಿ. ಸೀಸನ್‌ಗೆ ಒಂದು ಫೈಲು ಸಾಕು. ನಗಬೇಡಿ. ಎಸ್‌ಕ್ಯೂಲೈಟ್ ಮಾಡಿದವರೇ ಅಳೆದಿದ್ದಾರೆ: 10 ಕೆಬಿ ಸುತ್ತಮುತ್ತಲಿನ ಚಿತ್ರಗಳನ್ನು ಬೇರೆ ಬೇರೆ ಫೈಲುಗಳಿಂದ ಓದುವುದಕ್ಕಿಂತ ಸುಮಾರು 35% ವೇಗ, ಜಾಗವೂ ಸುಮಾರು 20% ಕಡಿಮೆ. ಫೇಸ್‌ಬುಕ್‌ನವರ ಚಿತ್ರ ಇಡುವ ವ್ಯವಸ್ಥೆ ಹೇಸ್ಟ್ಯಾಕ್ ಕೂಡ ಇದೇ ದಾರಿ. 2010ರ ಅವರ ಪ್ರಬಂಧದ ಹೊತ್ತಿಗೆ 26,000 ಕೋಟಿ ಚಿತ್ರ ಇದ್ದವು. ಒಂದೊಂದು ಚಿತ್ರಕ್ಕೆ ಒಂದೊಂದು ಫೈಲು ಇಟ್ಟರೆ ಫೈಲಿನ ಗುರುತು ಹುಡುಕಲಿಕ್ಕೇ ಡಿಸ್ಕ್ ದಣಿಯುತ್ತಿತ್ತು. ಅದಕ್ಕೆ ಲಕ್ಷಾಂತರ ಚಿತ್ರಗಳನ್ನು ಒಂದು ದೊಡ್ಡ ಫೈಲಿನಲ್ಲಿ ಸಾಲಾಗಿ ಬರೆದು, ಯಾವುದು ಎಲ್ಲಿದೆ ಅನ್ನುವುದನ್ನು ರ್‍ಯಾಮ್‌ನಲ್ಲಿ ಇಟ್ಟುಕೊಂಡರು.

ಏಲಕ್ಕಿ ಹಾರ (ಶುಕ್ರವಾರ ಸಂಜೆ 6:15)

ಹಳೇ ಸೀಸನ್ ಫೋಟೋ ಯಾರು ನೋಡುತ್ತಾರೆ? ಅಳಿಸಿಬಿಡಬಾರದೇ?

ಡಬ್ಬಿಕಾಯಿ (ಶುಕ್ರವಾರ ರಾತ್ರಿ 8:00)

ಅಕ್ಕಾ, ತಗಾದೆ ಬಂದಾಗ ಬೇಕು. ಹೋದ ವರ್ಷದ ಯಾವ ಲಾಟ್ ಎಷ್ಟಕ್ಕೆ ಹೋಯಿತು ಅಂತ ರೈತರೂ ಕೇಳುತ್ತಾರೆ. ಆದರೆ ಲಾಗ್ ನೋಡಿದೆ, ಹಳೆಯದನ್ನು ಜಾಸ್ತಿ ನೋಡುತ್ತಿರುವುದು ಸರ್ಚ್ ಬಾಟ್‌ಗಳು. ಮನುಷ್ಯರು ಬೆರಳೆಣಿಕೆ.

ಸಾಧನಕೇರಿ ದಂಡೆ (ಶುಕ್ರವಾರ ರಾತ್ರಿ 9:30)

ಅದು ಎಲ್ಲ ಕಡೆಯ ಕಥೆ. ಸಿಡಿಎನ್ ಕಂಪನಿ ಅಕಮಾಯ್ ತನ್ನ ಸರ್ವರ್‌ಗಳನ್ನು ನೋಡಿದಾಗ, ಕ್ಯಾಶ್‌ನಲ್ಲಿ ಬಂದು ಕೂತ ವಸ್ತುಗಳಲ್ಲಿ ಮುಕ್ಕಾಲು ಭಾಗವನ್ನು ಒಂದೇ ಸಲ ಕೇಳಿದ್ದರು, ಆಮೇಲೆ ಯಾರೂ ತಿರುಗಿ ನೋಡಿರಲಿಲ್ಲ. 2015ರಲ್ಲಿ ಪ್ರಕಟವಾದ ಲೇಖನದಲ್ಲಿ ಇದೆ. ಹಾಗಾಗಿ ಎರಡನೇ ಸಲ ಕೇಳಿದಾಗ ಮಾತ್ರ ಇಟ್ಟುಕೊಳ್ಳುವ ಪದ್ಧತಿ ತಂದರು. ಎಂಜಿನ್‌ಎಕ್ಸ್ ಪ್ರಾಕ್ಸಿ ಕ್ಯಾಶ್‌ನಲ್ಲೂ "ಮಿನ್ ಯೂಸಸ್ 2" ಅಂತ ಹಾಕಬಹುದು. ನಿನಗೆ ಈಗ ಪ್ರಾಕ್ಸಿ ಕ್ಯಾಶೇ ಬೇಡ, ಆದರೂ ಗೊತ್ತಿರಲಿ. ಹಳೇ ಸೀಸನ್ ವಿಳಾಸಗಳನ್ನು ಬಾಟ್‌ಗಳಿಗೆ ಎಲ್ಲಿ ಬರಬೇಡ ಅಂತ ಹೇಳುವ ರೋಬೋಟ್ಸ್ ಫೈಲಿನಲ್ಲಿ ಮುಚ್ಚು, ಅರ್ಧ ಗದ್ದಲ ನಿಲ್ಲುತ್ತದೆ.

ಗಿರ್ಮಿಟ್ ಪ್ಲೇಟು (ಶುಕ್ರವಾರ ರಾತ್ರಿ 9:41)

ಹಾಗಾದರೆ ನನ್ನ ಸಿಡಿಎನ್ ಪೂರ್ತಿ ಬಿಟ್ಟುಬಿಡಬೇಕಾ?

ಸಾಧನಕೇರಿ ದಂಡೆ (ಶುಕ್ರವಾರ ರಾತ್ರಿ 10:02)

ಬಿಡಬೇಡಪ್ಪಾ. ಖರೀದಿದಾರರು ಗುಂಟೂರು, ಚೆನ್ನೈ, ದಿಲ್ಲಿಯಿಂದ ನೋಡುತ್ತಾರೆ ಅಂದರೆ ಮೊದಲ ಸಲದ ದೂರ ಕಡಿಮೆ ಮಾಡಲು ಅದು ಬೇಕಾಗಬಹುದು. ಹೆಸರು, ಹೆಡರ್ ಸರಿ ಇದ್ದ ಮೇಲೆ ನಿಜವಾಗಿಯೂ ಅರ್ಧ ಗಂಟೆ ಕೆಲಸ. ವೆಬ್‌ಪಿ ಮತ್ತು ಜೆಪೆಗ್ ಅನ್ನುವ ಎರಡು ಚಿತ್ರ ಮಾದರಿಗಳನ್ನೂ ಒಂದೇ ವಿಳಾಸದಿಂದ ಕೊಡುವ ಆಸೆ ಮಾತ್ರ ಬೇಡ. ಬ್ರೌಸರ್ ಏನು ಓದುತ್ತದೆ ಅಂತ ನೋಡಿ ಬದಲಾಯಿಸುವ ಆ ಆಟದಲ್ಲಿ ನಡುವಿನ ಕ್ಯಾಶ್ ಒಂದು ತಪ್ಪಿದರೂ ವೆಬ್‌ಪಿ ಗೊತ್ತಿಲ್ಲದ ಹಳೇ ಫೋನಿಗೆ ವೆಬ್‌ಪಿ ಹೋಗುತ್ತದೆ. ಬೇರೆ ಬೇರೆ ಹೆಸರು ಕೊಟ್ಟು ಪುಟದಲ್ಲಿ "ಪಿಕ್ಚರ್" ಟ್ಯಾಗ್ ಹಾಕಿದರೆ ಮುಗಿಯಿತು.

ಡಬ್ಬಿಕಾಯಿ (ಮೂರು ವಾರದ ನಂತರ, ಭಾನುವಾರ)

ವರದಿ ಕೊಡದೆ ಮಾಯವಾಗಿದ್ದಕ್ಕೆ ಕ್ಷಮೆ ಇರಲಿ, ಸೀಸನ್ ಜೋರಾಗಿದೆ.

ಹ್ಯಾಶ್ ಹೆಸರು ಹಾಕಿದ ಮೇಲೆ ಆರು ಟೆಂಡರ್ ಆಗಿವೆ, ಒಂದು ಲಾಟೂ ಅದಲುಬದಲು ಆಗಿಲ್ಲ. ಹಳೇ ಎರಡು ಸೀಸನ್ ಈಗ ಎರಡು ಎಸ್‌ಕ್ಯೂಲೈಟ್ ಫೈಲುಗಳಲ್ಲಿವೆ. ಸಾಗಿಸಲು ಒಂದು ರಾತ್ರಿ ಹಿಡಿಯಿತು. ಎರಡೂ ಕಡೆ ಎಣಿಸಿ ನೋಡಿ ಆಮೇಲೆ ಅಳಿಸಿದೆ. ಐನೋಡ್ 75% ಮುಟ್ಟಿತ್ತು, ಈಗ 13%. ರೆಡಿಸ್ ಇಲ್ಲ, ವಾರ್ನಿಷ್ ಇಲ್ಲ, ಸಿಡಿಎನ್ ಸದ್ಯಕ್ಕೆ ಇಲ್ಲ. ಟೆಂಡರ್ ದಿನ ಬೆಳಿಗ್ಗೆಯೂ ಸರ್ವರ್ ಆರಾಮಾಗಿ ಕೂತಿರುತ್ತದೆ. ಸರ್ವರ್ ಬದಲಾಯಿಸಲು ಅಂತ ಕಾಕಾ ತೆಗೆದಿಟ್ಟ ದುಡ್ಡು ಹಾಗೇ ಉಳಿಯಿತು.

ಆ 12ನೇ ಲಾಟ್‌ನ ಖರೀದಿದಾರರು ಮೊನ್ನೆ ಮತ್ತೆ ಫೋನ್ ಮಾಡಿದ್ದರು. ನನ್ನ ಎದೆ ಧಸಕ್ ಅಂತು. ಫೋಟೋದಲ್ಲಿ ಕಾಯಿ ಇರುವುದಕ್ಕಿಂತ ಜಾಸ್ತಿ ಕೆಂಪು ಕಾಣುತ್ತಿದೆಯಂತೆ. ಒಂದು ತಾಸು ಹೆಡರ್ ಎಲ್ಲ ತಡಕಾಡಿದೆ. ಆಮೇಲೆ ಗೊತ್ತಾಯಿತು, ಕಾಕಾ ಹೊಸ ಫೋನ್ ತಗೊಂಡಿದ್ದಾರೆ, ಅದರ ಕ್ಯಾಮೆರಾದಲ್ಲಿ ಬಣ್ಣ ಏರಿಸುವ ಫಿಲ್ಟರ್ ಆನ್ ಇತ್ತು. ಆಫ್ ಮಾಡು ಕಾಕಾ ಅಂದರೆ ಒಪ್ಪುತ್ತಿಲ್ಲ.